ಸೂರ್ಯನಿಲ್ಲದ ಊರಿನ ಬೆಳದಿಂಗಳು

ಟ್ರೊಮ್ಸೊ, ನಾರ್ವೆ
ಡಿಸೆಂಬರ್ 7, 2025, ಭಾನುವಾರ

ಅಮ್ಮಾ,

ನಿನಗೂ ಅಪ್ಪಯ್ಯನಿಗೂ ನಮಸ್ಕಾರ. ನಾವಿಬ್ಬರೂ ಕ್ಷೇಮ. 'ಉಭಯ ಕುಶಲೋಪರಿ ಸಾಂಪ್ರತ' ಅಂತ ಇರದಿದ್ದರೆ ಅಪ್ಪಯ್ಯನಿಗೆ ಕಾಗದ ಓದಿದ ಹಾಗೇ ಆಗುವುದಿಲ್ಲ, ಆದ್ದರಿಂದ ಅದನ್ನೂ ಬರೆದಾಯಿತು. ಇವರ ಆಫೀಸಿನವರೊಬ್ಬರು ಬೆಂಗಳೂರಿಗೆ ಹೊರಟಿದ್ದಾರೆ. ಅಲ್ಲಿಂದ ಅಂಚೆಗೆ ಹಾಕುತ್ತಾರೆ. ನಿನ್ನ ಕೈಗೆ ಸಿಗುವಾಗ ಎಳ್ಳಮಾವಾಸ್ಯೆ ಹತ್ತಿರ ಬಂದಿರುತ್ತದೆ.

ಗುರುವಾರ ಫೋನು ಕಡಿದುಹೋದದ್ದಕ್ಕೆ ನಾನು ಬೇಜಾರು ಮಾಡಿಕೊಂಡೆ ಅಂದುಕೊಂಡಿರಬೇಕು ನೀನು. ನಿಜ ಹೇಳಬೇಕೆಂದರೆ ಸಿಗ್ನಲ್ ಹೋಗಿ ನನ್ನ ಮಾನ ಉಳಿಯಿತು. ಎಂಟು ವರ್ಷ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟವಳು ನಾನು. ನೀನು ಹೊಸ್ತಿಲ ಪೂಜೆ ಮುಗಿಸಿ, ಅಡಿಕೆ ಸುಲಿಯಲಿಕ್ಕೆ ಕೂರುವ ಮೊದಲು ಎರಡು ನಿಮಿಷ ಮಾತಾಡುವ ಅಂತ ಫೋನು ಮಾಡಿದವಳು, ಒಂದೇ ಪ್ರಶ್ನೆಗೆ ನನ್ನ ಬಾಯಿ ಕಟ್ಟಿಹಾಕಿದೆ.

ಶುರುವಾದದ್ದು ನಾನು ಕಳಿಸಿದ ಆ ಫೋಟೋದಿಂದ. ಆಕಾಶ ನೀಲಿ, ಎದುರು ಮನೆಯ ಗೋಡೆ ಕೆಂಪು, ಬೇಲಿಯ ನೆರಳು ಹಿಮದ ಮೇಲೆ ಗೆರೆ ಎಳೆದ ಹಾಗೆ. "ಓ, ಸೂರ್ಯ ಬಂದ್ನಾ ನಿಮ್ಮಲ್ಲಿ!" ಅಂದೆ ನೀನು. ಇಲ್ಲಮ್ಮ, ಅದು ಬುಧವಾರ ರಾತ್ರಿ ಹನ್ನೊಂದು ಗಂಟೆಗೆ ತೆಗೆದದ್ದು, ಬೆಳದಿಂಗಳು ಅಂದೆ. ನೀನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಂದ್ರಂಗೆ ಸ್ವಂತ ಬೆಳಕಿಲ್ಲ, ಎಲ್ಲಾ ಸೂರ್ಯನ ಹತ್ರ ತಗಂಡ ಸಾಲ ಅಂತ ಪುಟ್ಟಂಗೆ ನೀನೇ ಹೇಳ್ಕೊಟ್ಟಿದ್ದೆ. ನಿಮ್ಮೂರಲ್ಲಿ ಸಾಲ ಕೊಡೋ ಸೂರ್ಯನೇ ಇಲ್ಲ. ಸಾಲ ತಗಂಡ ಚಂದ್ರ ಹ್ಯಾಂಗೆ ಇಷ್ಟು ಮೆರೀತಾನೆ?" ಅಂದೆ. ನಾನು "ಅದು... ಪ್ರತಿಫಲನ..." ಅಂತ ತೊದಲುವಷ್ಟರಲ್ಲಿ ಫೋನು ಟುಂಯ್ ಅಂತ ಸತ್ತಿತು.

ಉತ್ತರ ನನಗೆ ಗೊತ್ತಿರಲಿಲ್ಲ ಅಂತಲ್ಲ. ಚಿತ್ರ ಬರೆದು ತೋರಿಸು ಅಂದಿದ್ದರೆ ಬೋರ್ಡಿನ ಮೇಲೆ ಮೂರು ಉರುಟು ಬರೆದು ಬಾಣ ಹಾಕಿ ತೋರಿಸುತ್ತಿದ್ದೆ. ಆದರೆ ಆ ಉರುಟುಗಳಲ್ಲಿ ನಾನು ಎಲ್ಲಿ ನಿಂತಿದ್ದೇನೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಶುಕ್ರವಾರ ಮಧ್ಯಾಹ್ನ ಅದು ಕಣ್ಣಾರೆ ಕಂಡಿತು.

ಇಲ್ಲಿ ನವೆಂಬರ್ 27ರ ಸುಮಾರಿಗೆ ಮುಳುಗಿದ ಸೂರ್ಯ ಇನ್ನು ಜನವರಿ ಅರ್ಧ ಕಳೆದ ಮೇಲೇ ತಲೆ ಎತ್ತುವುದು. ಊರಿನವರು ಇದಕ್ಕೆ ಮೋರ್ಕೆತೀದ್ ಅನ್ನುತ್ತಾರೆ, ಕತ್ತಲ ಕಾಲ ಅಂತ. ಹಾಗಂತ ಇಪ್ಪತ್ನಾಲ್ಕು ಗಂಟೆಯೂ ಅಮಾವಾಸ್ಯೆಯಲ್ಲ. ಮಧ್ಯಾಹ್ನದ ಹೊತ್ತಿಗೆ ಸೂರ್ಯ ದಕ್ಷಿಣದ ಗುಡ್ಡಗಳ ಹಿಂದೆ, ದಿಗಂತಕ್ಕಿಂತ ಎರಡು ಡಿಗ್ರಿ ಕೆಳಗೆ ಬಂದು, ಇಣುಕದೇ ಹಾಗೇ ಹೋಗುತ್ತಾನೆ. ಆ ಎರಡು ಮೂರು ಗಂಟೆ ಎಲ್ಲೆಡೆ ಒಂದು ಥರ ನೀಲಿ ಬೆಳಕು. ನಮ್ಮಲ್ಲಿ ಕೋಳಿ ಕೂಗಿದ ಮೇಲೆ, ನೀನು ಕೊಟ್ಟಿಗೆಗೆ ಹೋಗುವ ಹೊತ್ತಿನ ಬೆಳಕು ಇರುತ್ತದಲ್ಲ, ಹೆಚ್ಚು ಕಡಿಮೆ ಅದೇ.

ಆ ಹೊತ್ತಿಗೆ ನಮ್ಮ ಶಿಶುವಿಹಾರದ ಮಕ್ಕಳನ್ನು ಹೊರಗೆ ಬಿಡುತ್ತೇವೆ. ಮಳೆ ಬರಲಿ, ಹಿಮ ಬೀಳಲಿ, ಹೊರಗೆ ಆಡಿಸದಿದ್ದರೆ ಇಲ್ಲಿನ ತಾಯಂದಿರಿಗೆ ಸಮಾಧಾನವಿಲ್ಲ. ಪ್ರತಿ ಮಗುವಿಗೂ ಒಂದು ಹಳದಿ ಅಂಗಿ, ಅದರ ಮೇಲೆ ಬೂದಿ ಬಣ್ಣದ ಪಟ್ಟಿ. ಹಗಲು ನೋಡಿದರೆ ಆ ಪಟ್ಟಿ ಸಪ್ಪೆ ಬಟ್ಟೆ. ಕತ್ತಲಲ್ಲಿ ಕಾರಿನ ಲೈಟು ಬಿತ್ತೋ, ಬೆಂಕಿ ಹತ್ತಿದ ಹಾಗೆ ಹೊಳೆಯುತ್ತದೆ. ದೊಡ್ಡವರೂ ಕೋಟಿನ ಜೇಬಿಗೆ ಅಂಥದ್ದೊಂದು ಬಿಲ್ಲೆ ನೇತುಹಾಕಿಕೊಂಡು ಓಡಾಡುತ್ತಾರೆ. ಇದಕ್ಕೆ ರೆಫ್ಲೆಕ್ಸ್ ಅಂತ ಹೆಸರು.

ಶುಕ್ರವಾರ ಹನ್ನೊಂದೂವರೆಗೆ ಗುಡ್ಡದ ಮೇಲಿನ ಪ್ರೆಸ್ಟ್‌ವಾನೆಟ್ ಅನ್ನುವ ಕೆರೆಯ ದಂಡೆಗೆ ಅವರನ್ನು ಕರೆದುಕೊಂಡು ಹೋಗಿದ್ದೆವು. ನಾನು ದಕ್ಷಿಣಕ್ಕೆ ಮುಖ ಮಾಡಿ ನಿಂತೆ. ಗುಡ್ಡಗಳ ಹಿಂದೆ ಅಂಚು ಕೆಂಪಾಗಿತ್ತು, ಒಲೆ ಆರಿಸಿದ ಮೇಲೂ ಕೆಂಡ ಉಳಿದ ಹಾಗೆ. ಸೂರ್ಯ ಅಲ್ಲಿ, ಗುಡ್ಡದ ಆಚೆ ಕೆಳಗೆ. ಒಂದು ಮಗು ನನ್ನ ಕೋಟು ಜಗ್ಗಿ "ಮೋನೆ, ಮೋನೆ!" ಅಂತ ಬೆನ್ನ ಹಿಂದೆ ಕೈ ತೋರಿಸಿತು. ಮೋನೆ ಅಂದರೆ ಚಂದ್ರ. ತಿರುಗಿ ನೋಡಿದರೆ ಉತ್ತರದಲ್ಲಿ, ಗುಡ್ಡದ ತಲೆ ಸವರಿಕೊಂಡು, ಹುಣ್ಣಿಮೆ ಚಂದ್ರ. ಮಧ್ಯಾಹ್ನ ಹನ್ನೊಂದೂವರೆಗೆ, ಅದೂ ಉತ್ತರ ದಿಕ್ಕಿನಲ್ಲಿ! ಸೂರ್ಯ ಒಂದು ತುದಿ, ಚಂದ್ರ ಇನ್ನೊಂದು ತುದಿ, ನಡುವೆ ನಾನು, ಅಡ್ಡೆ ಹೊತ್ತವರ ಹಾಗೆ.

ಆಗ ನೆನಪಾದದ್ದು ಬೋರ್ಡಿನ ಉರುಟುಗಳಲ್ಲ, ನಮ್ಮ ಮನೆ ಅಂಗಳ. ಪಡುವಣ ಗುಡ್ಡ ಅಡ್ಡ ಇರುವುದರಿಂದ ನಮ್ಮ ಅಂಗಳದ ಬಿಸಿಲು ನಾಲ್ಕೂವರೆಗೇ ಹೋಗುತ್ತದೆ. ಅಡಿಕೆ ಒಣಗುವುದಿಲ್ಲ ಅಂತ ನೀನು ದಿನಾ ಬೈದುಕೊಳ್ಳುವುದು ಅದಕ್ಕೇ. ಆದರೆ ನೆರಳಿನ ಅಂಗಳದಲ್ಲಿ ನಿಂತು ತಲೆ ಎತ್ತಿದರೆ ಎದುರು ಗುಡ್ಡದ ತುದಿಯ ಮರಗಳ ಮೇಲೆ ಇನ್ನೂ ಹೊಂಬಿಸಿಲು. ನಮಗೆ ಸೂರ್ಯ ಮರೆಯಾಗಿದ್ದಾನೆ, ಆ ಮರಗಳಿಗೆ ಆಗಿಲ್ಲ. ಅಲ್ಲಿ ಹತ್ತಿ ಕೂತವರಿಗೆ ಸೂರ್ಯ ಕಾಣುತ್ತಾನೆ.

ಚಂದ್ರ ಅಂದರೆ ಆ ಎದುರು ಗುಡ್ಡ, ಅಷ್ಟೇ ಅಮ್ಮ. 3,84,000 ಕಿಲೋಮೀಟರ್ ದೂರ ಇರುವ ಎದುರು ಗುಡ್ಡ. ನಮಗೆ ಅಡ್ಡ ಬಂದದ್ದು ಈ ಭೂಮಿಯ ಉಬ್ಬು. ಟ್ರೊಮ್ಸೊಗೆ ಸೂರ್ಯ ಇಲ್ಲ, ಚಂದ್ರನಿಗೆ ಇದ್ದಾನೆ. ಬಿಸಿಲು ನನ್ನ ತಲೆಯ ಮೇಲಿಂದ ಹಾರಿ ಹೋಗಿ ಚಂದ್ರನ ಮೇಲೆ ಬಿದ್ದು, ಒಂದೂಕಾಲು ಸೆಕೆಂಡಿಗೆ ನನ್ನ ಹತ್ತಿರ ವಾಪಸು ಬರುತ್ತದೆ. ನಿನ್ನಲ್ಲೂ ರಾತ್ರಿ ನಡೆಯುವುದು ಇದೇ. ನಿನಗೆ ಸೂರ್ಯ ಹನ್ನೆರಡು ಗಂಟೆ ಮರೆ, ನನಗೆ ಒಂದೂವರೆ ತಿಂಗಳು ಮರೆ. ಚಂದ್ರನಿಗೆ ಅದರ ಗೊಡವೆಯೇ ಇಲ್ಲ.

ಇನ್ನೊಂದು ತಮಾಷೆ. ಹುಣ್ಣಿಮೆ ಚಂದ್ರ ಯಾವಾಗಲೂ ಸೂರ್ಯನ ಎದುರು ಬದಿಗೆ ತಾನೇ? ಹಾಗಾಗಿ ಚಳಿಗಾಲದಲ್ಲಿ ಸೂರ್ಯ ತಗ್ಗಿನ ದಾರಿ ಹಿಡಿದರೆ ಚಂದ್ರ ಬೇಸಿಗೆಯ ಸೂರ್ಯನ ಎತ್ತರದ ದಾರಿ ಹಿಡಿಯುತ್ತಾನೆ. ಸುಲಿತದ ಕಾಲದಲ್ಲಿ ನಡುರಾತ್ರಿಯ ಹುಣ್ಣಿಮೆ ಚಂದ್ರ ನಮ್ಮ ನೆತ್ತಿಯ ಹತ್ತಿರಕ್ಕೆ ಬರುವುದು, ಸುತ್ತ ತೋಟವಿದ್ದರೂ ಬೆಳದಿಂಗಳು ನೇರ ಅಂಗಳಕ್ಕೆ ಇಳಿಯುವುದು ಇದರಿಂದಲೇ. ಕರೆಂಟು ಹೋದ ರಾತ್ರಿಗಳಲ್ಲಿ ನೀನು, ಅತ್ತಿಗೆ, ಆಳಿನವರೆಲ್ಲ ಮೆಟ್ಟುಗತ್ತಿಯ ಮೇಲೆ ಕೂತು ಆ ಬೆಳಕಿನಲ್ಲೇ ಸುಲಿಯುತ್ತಿದ್ದಿರಲ್ಲ. ಇಲ್ಲಂತೂ ಅದೇ ಎತ್ತರದ ದಾರಿಯಿಂದಾಗಿ ಬುಧವಾರದಿಂದ ಚಂದ್ರ ಮುಳುಗಿಯೇ ಇಲ್ಲ. ರಾತ್ರಿ ದಕ್ಷಿಣದಲ್ಲಿ ಮೇಲಕ್ಕೆ ಏರಿ, ಮಧ್ಯಾಹ್ನ ಉತ್ತರದಲ್ಲಿ ಕೆಳಗಿಳಿದು, ಗಾಣದೆತ್ತಿನ ಹಾಗೆ ಸುತ್ತುತ್ತಿದ್ದಾನೆ. ಬೇಸಿಗೆಗೆ ಇದು ತಿರುವುಮುರುವು: ಸೂರ್ಯ ಮುಳುಗುವುದಿಲ್ಲ, ಜೂನ್ ಹುಣ್ಣಿಮೆಗೆ ಚಂದ್ರ ಹುಟ್ಟುವುದೇ ಇಲ್ಲ. ಈಗ ಚಂದ್ರ ಇಲ್ಲಿ ಮುಳುಗದೇ ಇರುವುದರಿಂದ, ಬುಧವಾರದಿಂದೀಚೆಗೆ ನೀನು ಯಾವ ಹೊತ್ತಿಗೆ ಚಂದ್ರನನ್ನು ನೋಡಿದರೂ ಅವನು ನನ್ನ ಆಕಾಶದಲ್ಲೂ ಇದ್ದ. (ಇದನ್ನು ಇವರಿಗೆ ಹೇಳಿದ್ದಕ್ಕೆ, ಸಿನಿಮಾ ಹಾಡು ಬರೆ ಅಂದರು.)

ಅಪ್ಪಯ್ಯ ಇಲ್ಲೊಂದು ಅಡ್ಡಪ್ರಶ್ನೆ ಹಾಕದೆ ಬಿಡುವವರಲ್ಲ: ಮೂವರೂ ಒಂದೇ ಸಾಲಿನಲ್ಲಿದ್ದರೆ ಗ್ರಹಣ ಆಗಬೇಕಿತ್ತಲ್ಲ? ಸಾಲು ಅಷ್ಟು ನೇರ ಇರುವುದಿಲ್ಲ ಅಪ್ಪಯ್ಯ. ಚಂದ್ರನ ದಾರಿ ಐದು ಡಿಗ್ರಿ ಓರೆ. ಹೆಚ್ಚಿನ ಹುಣ್ಣಿಮೆಗಳಲ್ಲಿ ಭೂಮಿಯ ನೆರಳಿನ ಮೇಲಿನಿಂದಲೋ ಕೆಳಗಿನಿಂದಲೋ ನುಣುಚಿಕೊಂಡು ಹೋಗುತ್ತಾನೆ. ಈ ಸಲ ಮೇಲಿನಿಂದ ಹೋದ. ಸೆಪ್ಟೆಂಬರ್ 7ರ ರಾತ್ರಿ ನುಣುಚಿಕೊಳ್ಳಲಾಗದೆ ಸಿಕ್ಕಿಬಿದ್ದಿದ್ದ, ಒಂದು ಗಂಟೆ 22 ನಿಮಿಷ ಪೂರ್ತಿ ನೆರಳಿನಲ್ಲಿ. ನೀವು ಉಪ್ಪಿನಕಾಯಿ ಭರಣಿಗೆ ದರ್ಭೆ ಹಾಕಿ ಮಲಗಿದ್ದ ರಾತ್ರಿ. ಸಾಲ ಕೊಡುವವನು ಬಾಗಿಲು ಹಾಕಿದರೆ ಚಂದ್ರನ ಗತಿ ಏನು ಅಂತ ಆವತ್ತು ಕಾಣುತ್ತಿತ್ತು. ಆಗಲೂ ಪೂರ್ತಿ ಕಪ್ಪಾಗದೆ ತಾಮ್ರದ ಬಣ್ಣಕ್ಕೆ ತಿರುಗಿದ್ದು, ಭೂಮಿಯ ಸುತ್ತಲಿನ ಗಾಳಿಯಲ್ಲಿ ಬಾಗಿ ಬಂದ ಸಂಜೆಬಿಸಿಲಿನಿಂದ.

ಆರ್ಯಭಟ ಇದನ್ನೆಲ್ಲ 499ರಲ್ಲೇ ಬರೆದಿಟ್ಟಿದ್ದಾನೆ. ಆಗ ಅವನಿಗೆ ಇಪ್ಪತ್ಮೂರು ವರ್ಷ. ಚಂದ್ರನಲ್ಲಿ ಸೂರ್ಯನ ಕಡೆ ಮುಖ ಮಾಡಿದ ಅರ್ಧ ಬೆಳಗುತ್ತದೆ, ಉಳಿದರ್ಧ ತನ್ನದೇ ನೆರಳಿನಲ್ಲಿ ಕಪ್ಪಾಗಿರುತ್ತದೆ. ಗ್ರಹಣದಲ್ಲಿ ಚಂದ್ರನನ್ನು ಮುಚ್ಚುವುದು ಭೂಮಿಯ ನೆರಳು. ಚಂದ್ರ ನೀರಿನಿಂದ ಆದದ್ದು ಅಂತ ಬರೆದದ್ದು ಮಾತ್ರ ತಪ್ಪಿತು. ಆದರೂ ರಾಹು ನುಂಗುವ ಕಥೆ ಹೇಳಿದಾಗಲೆಲ್ಲ ಅಪ್ಪಯ್ಯ ನಗುತ್ತಿದ್ದರಲ್ಲ, ಅವರ ಪಂಚಾಂಗದ ಲೆಕ್ಕದ ಹಿಂದೆ ಇರುವುದು ಈ ನೆರಳೇ.

ಇನ್ನು ನೀನು ಕೇಳದೇ ಇದ್ದದ್ದೊಂದು, ನನಗೆ ಎಲ್ಲಕ್ಕಿಂತ ಸೋಜಿಗದ್ದು. ಹಾಲು ಸುರಿದ ಹಾಗೆ ಬೆಳದಿಂಗಳು ಅನ್ನುತ್ತೇವೆ, ಚಂದ್ರ ಬೆಳ್ಳಗೆ ಬೆಳ್ಳಿ ತಟ್ಟೆ ಅನ್ನುತ್ತೇವೆ. ಅವನು ಬೆಳ್ಳಗಿಲ್ಲ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು ಹನ್ನೆರಡು ಪಾಲು ಮಾತ್ರ ಹೊರಗೆ ಬಿಡುತ್ತಾನೆ, ಉಳಿದದ್ದನ್ನು ನುಂಗುತ್ತಾನೆ. ನಮ್ಮ ತೀರ್ಥಹಳ್ಳಿ ಕಡೆಯ ಹಳೇ ಡಾಂಬರು ರಸ್ತೆಯ ಬಣ್ಣ. ಈಗಷ್ಟೇ ಬಿದ್ದ ಹಿಮ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ವಾಪಸು ಕೊಡುತ್ತದೆ. ಚಂದ್ರನ ಮೇಲೆ ಇಲ್ಲಿನ ಥರ ಹಿಮ ಬಿದ್ದಿದ್ದರೆ ಹುಣ್ಣಿಮೆಗಳು ಏನಾಗುತ್ತಿದ್ದವೋ! ಅಪ್ಪಯ್ಯ 2023ರ ಆಗಸ್ಟ್ 23ರ ಸಂಜೆ ಟಿವಿ ಮುಂದಿನಿಂದ ಎದ್ದೇ ಇರಲಿಲ್ಲವಲ್ಲ, ಆಮೇಲೆ ಚಂದ್ರಯಾನ-3ರ ವಿಕ್ರಮ ಕಳಿಸಿದ ಫೋಟೋ ನೋಡಿ ನೀನೇ ಅಂದದ್ದು, "ಇದೆಂಥದು, ಒಲೆ ಬೂದಿ ಹರಡಿದಂಗೆ ಇದೆ" ಅಂತ. ಸರಿಯಾಗಿ ಹೇಳಿದ್ದೆ. ಅಂದ ಹಾಗೆ ವಿಕ್ರಮ ಇಳಿದದ್ದು ಚಂದ್ರನ 69 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ, ನಾನಿರುವುದು ಭೂಮಿಯ 69 ಡಿಗ್ರಿ ಉತ್ತರದಲ್ಲಿ. ಅವನಿಗೂ ಸೂರ್ಯ ಹೋದದ್ದೇ ಕೆಲಸ ನಿಂತಿತು. ಅಲ್ಲಿ ಹಗಲು ನಮ್ಮ ಹದಿನಾಲ್ಕು ದಿನ, ರಾತ್ರಿಯೂ ಹದಿನಾಲ್ಕು ದಿನ. ಆ ಒಂದು ರಾತ್ರಿಯ ಚಳಿ ಕಳೆದು ಅವನು ಮತ್ತೆ ಏಳಲೇ ಇಲ್ಲ.

ಹಾಗಾದರೆ ಕಪ್ಪು ನೆಲ ಬೆಳ್ಳಗೆ ಕಾಣುವುದು ಹೇಗೆ? ನಾನು ಆರನೇ ಕ್ಲಾಸಿನಲ್ಲಿದ್ದಾಗ, ಆಷಾಢದ ಮಳೆಯಲ್ಲಿ ಕಡೇ ಬಸ್ಸು ತಪ್ಪಿಸಿಕೊಂಡ ಅಪ್ಪಯ್ಯ ನಡೆದು ಬರುತ್ತಿದ್ದರು. ನಾನೂ ಅಣ್ಣನೂ ತಿರುವಿನ ಹತ್ತಿರ ಕಾಯುತ್ತಿದ್ದೆವು. ಕಣ್ಣಿಗೆ ಬೆರಳಿಟ್ಟರೂ ಕಾಣದ ಕತ್ತಲೆ. ಹಿಂದಿನಿಂದ ಯಾವುದೋ ಲಾರಿ ಬಂತು. ಅದರ ಲೈಟಿಗೆ ರಸ್ತೆಯ ನಡುವೆ ಬೆಳ್ಳಗಿನ ಆಕೃತಿಯೊಂದು ಎದ್ದು ನಿಂತಿತು. ನಾವಿಬ್ಬರೂ ಕಿರುಚಿಕೊಂಡು ಮನೆಗೆ ಓಡಿದೆವು. ಆಮೇಲೆ ನೋಡಿದರೆ ಅಪ್ಪಯ್ಯ, ಮೈಮೇಲೆ ಕರೀ ಕಂಬಳಿ ಕೊಪ್ಪೆ. ಸುತ್ತ ಏನೂ ಬೆಳಕಿಲ್ಲದ ಕಡೆ ಕಪ್ಪು ಕಂಬಳಿಯ ಮೇಲೆ ಜೋರು ಬೆಳಕು ಬಿದ್ದರೆ ಅದೇ ಬೆಳ್ಳಗಿನ ದೆವ್ವ. ರಾತ್ರಿ ಆಕಾಶ ಅನ್ನುವುದು ಆ ಆಷಾಢದ ಕತ್ತಲೆ, ಚಂದ್ರ ಆ ಕಂಬಳಿ, ಸೂರ್ಯ ಲಾರಿ.

ಹಗಲಿನಲ್ಲೂ ಆ ಕಂಬಳಿಯ ಮೇಲೆ ಅಷ್ಟೇ ಬೆಳಕು ಬೀಳುತ್ತಿರುತ್ತದೆ. ಹುಣ್ಣಿಮೆ ಕಳೆದು ನಾಲ್ಕೈದು ದಿನಕ್ಕೆ ಬೆಳಿಗ್ಗೆ ಎಂಟು ಗಂಟೆಗೆ ಪಡುವಣ ಗುಡ್ಡದ ಮೇಲೆ ಸುಣ್ಣದ ಚೂರಿನ ಹಾಗೆ ನಿಂತಿರುತ್ತಾನಲ್ಲ, ಆಗ ಅವನೇನೂ ಬಡವನಾಗಿಲ್ಲ. ಸುತ್ತಲಿನ ಆಕಾಶವೇ ಬೆಳಗಿದೆ, ಹಗಲಲ್ಲಿ ಹಚ್ಚಿದ ಟಾರ್ಚಿನ ಹಾಗೆ ಅವನನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಚಂದ್ರ ರಾತ್ರಿಯ ದೀಪ ಅನ್ನುವುದು ನಮ್ಮ ಕಣ್ಣಿನ ಲೆಕ್ಕ.

ಇನ್ನೊಂದು ನಿನ್ನ ಅನುಭವಕ್ಕೇ ಬಿಟ್ಟದ್ದು. ಹುಣ್ಣಿಮೆ ಬೆಳಕಿನಲ್ಲಿ ಅಡಿಕೆ ಸುಲಿಯಬಹುದು, ಅಷ್ಟಮಿ ಬೆಳಕಿನಲ್ಲಿ ಬಿದ್ದದ್ದು ಹಾಳೆಯೋ ಹಾವೋ ಗೊತ್ತಾಗುವುದಿಲ್ಲ. ಅರ್ಧ ಚಂದ್ರನಿದ್ದ ಮೇಲೆ ಅರ್ಧ ಬೆಳಕಾದರೂ ಇರಬೇಕಲ್ಲ? ಇರುವುದಿಲ್ಲ. ಅಷ್ಟಮಿ ಚಂದ್ರನ ಬೆಳಕು ಹುಣ್ಣಿಮೆಯದರ ಹತ್ತರಲ್ಲಿ ಒಂದು ಪಾಲು ಮಾತ್ರ. ಕಾರಣ ನಮ್ಮ ಅಂಗಳದಲ್ಲೇ ಇದೆ. ಬೆಳಗಿನ ಎಳೆಬಿಸಿಲಿನಲ್ಲಿ ಹರವಿದ ಅಡಿಕೆಯನ್ನು ಬದಿಯಿಂದ ನೋಡಿದರೆ ಪ್ರತಿ ಅಡಿಕೆಗೂ ಒಂದು ನೆರಳು, ಅಂಗಳವೆಲ್ಲ ಕಪ್ಪು ಚುಕ್ಕಿ. ಸೂರ್ಯನಿಗೆ ಬೆನ್ನು ಹಾಕಿ ನಿಂತು ನೋಡು, ಒಂದೊಂದರ ನೆರಳೂ ಅದರದರ ಹಿಂದೆ ಅಡಗಿ ಅಂಗಳ ಝಗ್ ಅನ್ನುತ್ತದೆ. ಚಂದ್ರನ ನೆಲ ತುಂಬ ಕಲ್ಲು, ಗುಂಡಿ, ಪುಡಿಮಣ್ಣು. ಹುಣ್ಣಿಮೆಗೆ ಸೂರ್ಯ ನಮ್ಮ ಬೆನ್ನಿಗಿರುವುದರಿಂದ ಅಲ್ಲಿನ ಒಂದು ನೆರಳೂ ನಮಗೆ ಕಾಣುವುದಿಲ್ಲ. ಅದಲ್ಲದೆ ಆ ಪುಡಿಮಣ್ಣಿಗೆ, ನಮ್ಮ ಮಕ್ಕಳ ಅಂಗಿಯ ಪಟ್ಟಿಯ ಹಾಗೆ ಸ್ವಲ್ಪ ಮಟ್ಟಿಗೆ, ಬೆಳಕು ಬಂದ ದಿಕ್ಕಿಗೇ ಅದನ್ನು ತಿರುಗಿಸಿ ಕಳಿಸುವ ಚಾಳಿ ಇದೆ.

ನೀಲಿ ಆಕಾಶದ ಫೋಟೋದ ಗುಟ್ಟು ಹೇಳಿ ಮುಗಿಸುತ್ತೇನೆ. ಹುಣ್ಣಿಮೆ ಬೆಳಕು ಬಿಸಿಲಿನ ನಾಲ್ಕು ಲಕ್ಷದಲ್ಲಿ ಒಂದು ಪಾಲು. ಅಷ್ಟು ಕಮ್ಮಿ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣ ಗುರುತಿಸುವ ಕೆಲಸ ಬಿಟ್ಟುಬಿಡುತ್ತದೆ. ಅದಕ್ಕೇ ಎಲ್ಲ ಹಾಲಿನ ಬಣ್ಣ, ಬೂದಿ ಬಣ್ಣ. ಫೋನಿನ ಕ್ಯಾಮೆರಾ ಹಾಗಲ್ಲ, ಕೈ ಅಲುಗದ ಹಾಗೆ ಕಲ್ಲಿಗೆ ಒರಗಿಸಿ ಇಟ್ಟರೆ ಹನಿ ಹನಿ ಬೆಳಕನ್ನೂ ಕೂಡಿಸಿಕೊಳ್ಳುತ್ತದೆ. ಕೂಡಿಸಿ ನೋಡಿದರೆ ನೀಲಿ ಆಕಾಶ, ಕೆಂಪು ಗೋಡೆ. ಬಿಸಿಲೇ ಅದು, ಚಂದ್ರನಿಗೆ ತಾಗಿ ಬಂದ ಬಿಸಿಲು. ನೀನು "ಸೂರ್ಯ ಬಂದ್ನಾ" ಅಂದದ್ದು ತಪ್ಪೇನಲ್ಲ. ಫೋಟೋವನ್ನು ದೊಡ್ಡದು ಮಾಡಿ ನೋಡು, ಆ ನೀಲಿಯಲ್ಲಿ ನಕ್ಷತ್ರ ಕಾಣುತ್ತವೆ.

ಇಲ್ಲಿ ಈ ವಾರ ಚಂದ್ರನಿಗೆ ಬೈಗುಳವೇ ಹೆಚ್ಚು. ಅರೋರಾ ಅನ್ನುವ ಉತ್ತರದ ಹಸಿರು ಬೆಳಕು ನೋಡಲು ದುಡ್ಡು ಕೊಟ್ಟು ಬಂದ ಪ್ರವಾಸಿಗರಿಗೆ ಬೆಳದಿಂಗಳಿನಲ್ಲಿ ಅದು ಮಂಕು. ಬಸ್ ಸ್ಟಾಪಿನಲ್ಲಿ ಒಬ್ಬಾತ ಚಂದ್ರನ ಕಡೆ ಕೈ ಬೀಸಿ ಏನೋ ಅಂದ. ಭಾಷೆ ಗೊತ್ತಾಗಲಿಲ್ಲ, ಅರ್ಥ ಗೊತ್ತಾಯಿತು. ಚೌತಿ ಚಂದ್ರನಿಗೂ ಇಷ್ಟು ಮಂದಿ ಬೈದಿರಲಿಕ್ಕಿಲ್ಲ.

ಅಡಿಕೆ ರೇಟು ಏನಾಯಿತು? ಅಣ್ಣ ಈ ಸಲವಾದರೂ ಕೊನೆ ತೆಗೆಯುವವರಿಗೆ ಮೊದಲೇ ಹೇಳಿಟ್ಟಿದ್ದನಾ? ಅಪ್ಪೆಮಿಡಿ ಭರಣಿ ತಳ ಕಂಡಿದೆ, ಯಾರಾದರೂ ಬರುವವರಿದ್ದರೆ ತಿಳಿಸುತ್ತೇನೆ. ಅಪ್ಪಯ್ಯನ ಮಂಡಿನೋವಿಗೆ ಎಣ್ಣೆ ತಿಕ್ಕುವುದನ್ನು ತಪ್ಪಿಸಬೇಡ. ಅವರು "ಆಯ್ತು ಆಯ್ತು" ಅಂದರೆ ಆಗಿಲ್ಲ ಅಂತ ಅರ್ಥ.

ಎಳ್ಳಮಾವಾಸ್ಯೆ ಜಾತ್ರೆಗೆ ಹೋದರೆ ಪುಟ್ಟನ ಕೈ ಬಿಡಬೇಡಿ, ಹೊಳೆ ಹತ್ತಿರ ಜನ ಜಾಸ್ತಿ. ನೀವು ಅಲ್ಲಿ ತೆಪ್ಪೋತ್ಸವ ನೋಡುವ ಹೊತ್ತಿಗೆ ಇಲ್ಲಿ ಸೂರ್ಯನೂ ಇಲ್ಲ, ಚಂದ್ರನೂ ಇಲ್ಲ. ಅಮಾವಾಸ್ಯೆ ಚಂದ್ರ ಸೂರ್ಯನ ಪಕ್ಕದಲ್ಲೇ ಇರಬೇಕಲ್ಲ, ಸೂರ್ಯನ ಜೊತೆ ಅವನೂ ದಿಗಂತದ ಕೆಳಗೇ ಉಳಿಯುತ್ತಾನೆ. ಸುಮಾರು ಒಂದು ವಾರ ಹುಟ್ಟುವುದೇ ಇಲ್ಲ. ಆ ವಾರ ಫೋಟೋ ಕಳಿಸು ಅನ್ನಬೇಡ.

ನೀನೇ ಒಂದು ಕೆಲಸ ಮಾಡು. 22ನೇ ತಾರೀಕು ಸೋಮವಾರ ಸಂಜೆ, ಸೂರ್ಯ ಮುಳುಗಿ ಅರ್ಧ ಗಂಟೆಗೆ, ಪುಟ್ಟನನ್ನು ಕರೆದುಕೊಂಡು ಪಡುವಣ ಗುಡ್ಡ ಅಡ್ಡ ಬಾರದ ಕಡೆ, ಗದ್ದೆ ಬಯಲಿಗೆ ಹೋಗು. ಎಳೆ ಚಂದ್ರ ಕಾಣುತ್ತಾನೆ, ಉಗುರಿನಷ್ಟು. ಆ ಉಗುರಿನ ಒಳಗೆ ಉಳಿದ ಚಂದ್ರ ಬೂದಿ ಬಣ್ಣಕ್ಕೆ ತೆಳ್ಳಗೆ ಕಾಣುತ್ತಾನಾ ನೋಡು. ಅಲ್ಲಿಗೆ ಸೂರ್ಯನ ಬೆಳಕು ಬಿದ್ದಿರುವುದಿಲ್ಲ. ಅದು ನಮ್ಮ ಭೂಮಿಯಿಂದ, ಸಮುದ್ರ, ಮೋಡ, ಹಿಮ ಎಲ್ಲದರಿಂದ ಚಿಮ್ಮಿ ಚಂದ್ರನಿಗೆ ಹೋದ ಬೆಳಕು. ನಿನ್ನ ಲೆಕ್ಕದಲ್ಲಿ ಹೇಳುವುದಾದರೆ, ನಾವು ಅವನಿಗೆ ಕೊಟ್ಟ ಕೈಸಾಲ. ನನಗೆ ಇಲ್ಲಿಂದ ಕಾಣುವುದಿಲ್ಲ. ನೋಡಿ ಫೋನು ಮಾಡು, ಸಿಗ್ನಲ್ ಸಿಗುವ ಕಟ್ಟೆಯ ಹತ್ತಿರ ನಿಂತು.

ನಿನ್ನ ಮಗಳು